ಇಲಿಯನ್ನು ನೋಡಿದರೆ ಸಾಕೇ?

ನಮಸ್ಕಾರ, ಕೇರಳದ ಬದಿಯಡ್ಕದಿಂದ ಮಾತನಾಡುತ್ತಿದ್ದೇನೆ. ಕಳೆದ ಸಂಚಿಕೆಯಲ್ಲಿ ಹಸುವಿನ ಭ್ರೂಣದ ಆಕರಕೋಶಗಳ ಬಗ್ಗೆ, ಅಂದರೆ ದೇಹದ ಯಾವ ಅಂಗವಾದರೂ ಆಗಬಲ್ಲ ಸ್ಟೆಮ್ ಸೆಲ್‌ಗಳ ಬಗ್ಗೆ ಹೇಳಿದ್ದೆ. ಪೆರ್ಲದ ಕಡೆಯ ವೀಕ್ಷಕರೊಬ್ಬರು ಕೆಳಗೆ ಬರೆದಿದ್ದಾರೆ: ‘ಮಾಷ್ಟ್ರೇ, ಇಲಿಯೂ ಸಸ್ತನಿ, ಹಸುವೂ ಸಸ್ತನಿ. ಇಲಿಯಲ್ಲಿ ನೋಡಿ ಆಯಿತಲ್ಲ, ಮತ್ತೆ ಹಸುವಿಗೆ ದುಡ್ಡು ಸುರಿಯುವುದು ಯಾಕೆ?’ ಅದಕ್ಕೆ ರಾಶಿ ಲೈಕು ಬೇರೆ!

ಯಾಕೆಂದರೆ ಅಣ್ಣ, ಇಲಿ ಹಸುವಲ್ಲ.

ಈ ಆಕರಕೋಶಗಳನ್ನು ಇಲಿಯ ಭ್ರೂಣದಿಂದ ತೆಗೆದು ಬೆಳೆಸಿದ್ದು 1981ರಲ್ಲಿ. ಕೇಂಬ್ರಿಜ್‌ನಲ್ಲಿ ಇವಾನ್ಸ್ ಮತ್ತು ಕಾಫ್ಮನ್, ಅದೇ ವರ್ಷ ಅಮೆರಿಕದಲ್ಲಿ ಗೇಲ್ ಮಾರ್ಟಿನ್. ಮನುಷ್ಯನ ಕೋಶ ಕೈಗೆ ಸಿಕ್ಕಿದ್ದು 1998ರಲ್ಲಿ, ಅಮೆರಿಕದ ವಿಜ್ಞಾನಿ ಥಾಮ್ಸನ್ ಅವರಿಗೆ. ಹದಿನೇಳು ವರ್ಷ! ಲಿಫ್ ಎಂಬ ಪ್ರೋಟೀನ್ ಇದ್ದರೆ ಇಲಿಯ ಕೋಶ ಬೇರೇನೂ ಆಗದೆ ಆಕರಕೋಶವಾಗಿಯೇ ಉಳಿಯುತ್ತದೆ. ಮನುಷ್ಯನ ಕೋಶಕ್ಕೆ ಅದು ಸಾಲದು, ಎಫ್‌ಜಿಎಫ್ ಎಂಬ ಬೇರೆ ಪ್ರೋಟೀನ್ ಬೇಕು. ಹಸುವಿನ ಕೋಶಗಳು ಸ್ಥಿರವಾಗಿ ಬೆಳೆದ ವರದಿ ಬಂದದ್ದು 2018ರಲ್ಲಿ. ಇಲಿಯೇ ಸಾಕಾಗಿದ್ದರೆ ಇಷ್ಟು ಕಾಯಬೇಕಿತ್ತೇ?

ನಮ್ಮ ಹಟ್ಟಿಗೇ ಬನ್ನಿ. ಸೊಂಟದೆತ್ತರಕ್ಕೂ ಬಾರದ ಕಾಸರಗೋಡು ಗಿಡ್ಡ ತಳಿಯ ಹಸು ಬೆದೆಗೆ ಬಂತು, ಡಾಕ್ಟರು ಬಂದು ಗಬ್ಬ ಕಟ್ಟುವ ಇಂಜೆಕ್ಷನ್ ಕೊಟ್ಟರು. ಮೂರು ವಾರ ಕಳೆದು ನೋಡಿದರೆ ಬಾಲ ಎತ್ತಿ ಮತ್ತೆ ಕೂಗು. ಗಬ್ಬ ನಿಲ್ಲಲಿಲ್ಲ. ಹಸುವಿನ ಭ್ರೂಣಗಳು ಹೆಚ್ಚಾಗಿ ಸಾಯುವುದು ಆ ಮೂರು ವಾರಗಳಲ್ಲೇ. ಒಂದು ವಾರದ ಭ್ರೂಣ ಕಣ್ಣಿಗೆ ಕಂಡೂ ಕಾಣದ ಚುಕ್ಕೆ. ಅದು ಗರ್ಭಕೋಶಕ್ಕೆ ಅಂಟದೆಯೇ ಉದ್ದಕ್ಕೆ ಬೆಳೆದು ನೂಲಿನ ಎಳೆಯಾಗುತ್ತದೆ, ಆಮೇಲೆ ಅಂಟಿಕೊಳ್ಳುತ್ತದೆ. ಇಲಿಯ ಭ್ರೂಣ ಐದನೆಯ ದಿನದ ಹೊತ್ತಿಗೇ ಅಂಟಿ ಮುಗಿಯಿತು. ನೂಲಾಗುವ ಹಂತವೇ ಇಲ್ಲದ ಪ್ರಾಣಿಯಲ್ಲಿ ನೂಲು ಕಡಿದದ್ದು ಯಾಕೆಂದು ಹುಡುಕುತ್ತೀರಾ?

ಇಲಿ ಹಸುವಲ್ಲ, ಮನುಷ್ಯನೂ ಅಲ್ಲ! ಮುಂದೆ ಇಡೀ ಶರೀರವಾಗುವ ಕೋಶಗಳ ಪದರ ಇಲಿಯಲ್ಲಿ ಬಟ್ಟಲಿನ ಆಕಾರ. ಮನುಷ್ಯ, ಹಸು, ಹಂದಿ, ಮೊಲ ಇವುಗಳಲ್ಲಿ ಚಪ್ಪಟೆ ಬಿಲ್ಲೆ. ಬೇರೆ ದಾರಿ ಹಿಡಿದದ್ದು ಇಲಿ, ನಾವಲ್ಲ.

ಇನ್ನೊಬ್ಬ ವೀಕ್ಷಕರು ಜಪಾನಿನ ವಿಜ್ಞಾನಿ ಯಮನಾಕ ಅವರನ್ನು ಎಳೆದು ತಂದಿದ್ದಾರೆ. ನಾಲ್ಕು ಜೀನ್‌ಗಳಿಂದ 2006ರಲ್ಲಿ ಇಲಿಯ ಚರ್ಮದ ಕೋಶವನ್ನು ಆಕರಕೋಶದ ಸ್ಥಿತಿಗೆ ಹಿಂದಕ್ಕೆ ತಿರುಗಿಸಿದರು, 2007ರಲ್ಲಿ ಮನುಷ್ಯನದ್ದನ್ನೂ ತಿರುಗಿಸಿದರು, ಎರಡೂ ಒಂದೇ ಅಲ್ಲವೇ ಎಂದು ಕೇಳುತ್ತಾರೆ. ಅಲ್ಲ ಸ್ವಾಮಿ! ಮನುಷ್ಯನ ಕೋಶ ಬೆಳೆಸಲು ಯಮನಾಕ ಅವರೂ ಬೇರೆ ದ್ರಾವಣವನ್ನೇ ಬಳಸಿದರು. ಅರ್ಧ ಓದಿ ವಾದಕ್ಕೆ ಇಳಿದರೆ ಹೀಗೇ ಆಗುವುದು.

ಅಂದ ಹಾಗೆ, ಚಾನೆಲ್‌ಗೆ ಚಂದಾದಾರರಾಗಿ. ಗಡಿಯ ಈಚೆ ಕುಳಿತು ಕನ್ನಡದಲ್ಲಿ ವಿಜ್ಞಾನ ಹೇಳುವವರು ಎಷ್ಟು ಮಂದಿ ಇದ್ದಾರೆ? ಕುಂಬಳೆ, ಮುಳ್ಳೇರಿಯ, ನೀರ್ಚಾಲಿನ ಶಾಲೆಗಳ ಮಕ್ಕಳಿಗೂ ಕಳುಹಿಸಿ.

ಇಲಿಯ ಸಂಶೋಧನೆ ಬೇಡ ಎಂದು ನಾನು ಹೇಳಲೇ ಇಲ್ಲ. ಇಲಿಯೊಂದೇ ಸಾಲದು! ಹಸುವನ್ನೂ ನೋಡಬೇಕು, ಹಂದಿಯನ್ನೂ ನೋಡಬೇಕು, ಎಷ್ಟೇ ಖರ್ಚಾದರೂ ನೋಡಲೇಬೇಕು. ಪೆರ್ಲದ ಅಣ್ಣನವರೇ, ನಿಮ್ಮ ಹಟ್ಟಿಯಲ್ಲೂ ಹಸು ಇರಬಹುದು. ಮುಂದಿನ ಸಂಚಿಕೆ ಮೊಲದ ಭ್ರೂಣದ ಬಗ್ಗೆ. ‘ಇಲಿ ಸಾಕಲ್ಲ’ ಎಂದು ಅಲ್ಲಿಯೂ ಬರೆದರೆ ಅಲ್ಲಿಯೂ ಉತ್ತರ ಕೊಡುತ್ತೇನೆ.