ದಣಿವಿನ ಬಗ್ಗೆ ನಾವು ನಂಬಿರುವುದು

ಕೇಳುಗರಿಗೆಲ್ಲ ನಮಸ್ಕಾರ.

1998ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಾಯ್ ಬಾಮೈಸ್ಟರ್ ಮತ್ತು ಸಂಗಡಿಗರು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಕೋಣೆಯ ತುಂಬ ಆಗತಾನೇ ಬೇಯಿಸಿದ ಚಾಕೊಲೇಟ್ ಬಿಸ್ಕತ್ತಿನ ಘಮ. ಊಟ ಬಿಟ್ಟು ಬಂದಿದ್ದ ಕಾಲೇಜು ವಿದ್ಯಾರ್ಥಿಗಳ ಮುಂದೆ ಒಂದು ಕಡೆ ಬಿಸ್ಕತ್ತು, ಇನ್ನೊಂದು ಕಡೆ ಮೂಲಂಗಿ. ಕೆಲವರಿಗೆ ಬಿಸ್ಕತ್ತು ತಿನ್ನಲು ಹೇಳಿದರು, ಕೆಲವರಿಗೆ ಮೂಲಂಗಿ ಮಾತ್ರ. ಆಮೇಲೆ ಎಲ್ಲರ ಕೈಗೂ ಒಂದು ಒಗಟು ಕೊಟ್ಟರು. ಅದು ಬಿಡಿಸಲಾಗದ ಒಗಟು, ಆದರೆ ಆ ವಿಷಯ ಅವರಿಗೆ ಗೊತ್ತಿಲ್ಲ. ಬಿಸ್ಕತ್ತು ತಿಂದವರು ಸುಮಾರು 19 ನಿಮಿಷ ಅದರ ಜೊತೆ ಗುದ್ದಾಡಿದರು. ಆಸೆ ಅದುಮಿಟ್ಟುಕೊಂಡು ಮೂಲಂಗಿ ತಿಂದವರು ಎಂಟು ನಿಮಿಷ ದಾಟುತ್ತಿದ್ದಂತೆಯೇ ಕೈಚೆಲ್ಲಿದರು.

ಮನಸ್ಸಿನ ಬಲ ಒಂದು ಮಿತಿಯ ದಾಸ್ತಾನು, ಒಂದು ಕಡೆ ಖರ್ಚು ಮಾಡಿದರೆ ಇನ್ನೊಂದು ಕಡೆಗೆ ಉಳಿಯುವುದಿಲ್ಲ ಎಂಬ ತೀರ್ಮಾನ ಇದರಿಂದ ಬಂತು. ಈ ಮಾತು ಬಹಳ ಬೇಗ ಹಬ್ಬಿತು. ಇವತ್ತು ನಮ್ಮ ಮಕ್ಕಳೂ ಆಫೀಸಿನಿಂದ ಬಂದವರೂ ಅದನ್ನೇ ತಮ್ಮ ಭಾಷೆಯಲ್ಲಿ ಹೇಳುತ್ತಾರೆ: ‘ತಲೆ ಓಡ್ತಾ ಇಲ್ಲ, ಚಾರ್ಜ್ ಮುಗಿದುಹೋಗಿದೆ.’ ಮೊಬೈಲಿನ ಬ್ಯಾಟರಿಯಂತೆಯೇ ಮನಸ್ಸೂ ಕೆಲಸ ಮಾಡುತ್ತದೆ ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಈ ಒಪ್ಪಿಗೆಯೇ ನಮ್ಮ ದಿನದ ಎಷ್ಟೋ ಕೆಲಸವನ್ನು ಅರ್ಧಕ್ಕೆ ನಿಲ್ಲಿಸುತ್ತಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಇವತ್ತಿನ ನನ್ನ ಮಾತು ಅದರ ಬಗ್ಗೆ.

2010ರಲ್ಲಿ ವೆರೋನಿಕಾ ಯೋಬ್, ಕ್ಯಾರಲ್ ಡ್ವೆಕ್ ಮತ್ತು ಗ್ರೆಗರಿ ವಾಲ್ಟನ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಇದೇ ಪ್ರಶ್ನೆಯನ್ನು ಬೇರೆ ದಿಕ್ಕಿನಿಂದ ಕೇಳಿದರು. ಮನಸ್ಸು ದಣಿಯುತ್ತದೆಯೋ ಇಲ್ಲವೋ ಎಂದು ನೋಡುವ ಮುಂಚೆ, ದಣಿವಿನ ಬಗ್ಗೆ ಆ ಮನುಷ್ಯ ಏನು ನಂಬಿದ್ದಾನೆ ಎಂದು ತಿಳಿದುಕೊಂಡರು. ‘ಕಷ್ಟದ ಕೆಲಸ ಮಾಡಿದರೆ ಮನಸ್ಸಿನ ಶಕ್ತಿ ಕರಗುತ್ತದೆ, ತುಂಬಿಕೊಳ್ಳಲು ಬಿಡುವು ಬೇಕು’ ಎನ್ನುವವರು ಒಂದು ಕಡೆ. ‘ಕಷ್ಟದ ಕೆಲಸ ಮಾಡಿದಷ್ಟೂ ಮನಸ್ಸು ಚುರುಕಾಗುತ್ತದೆ’ ಎನ್ನುವವರು ಇನ್ನೊಂದು ಕಡೆ. ಮೊದಲು ಬೇಸರ ಹುಟ್ಟಿಸುವ ಕೆಲಸ: ಒಂದು ಪುಟದಲ್ಲಿ ತೊಡಕಿನ ನಿಯಮದ ಪ್ರಕಾರ ಒಂದು ಅಕ್ಷರವನ್ನು ಹುಡುಕಿ ಹುಡುಕಿ ಹೊಡೆದುಹಾಕುವುದು. ಅದಾದ ಮೇಲೆ ಗಮನದ ಪರೀಕ್ಷೆ. ನೀಲಿ ಶಾಯಿಯಲ್ಲಿ ‘ಕೆಂಪು’ ಎಂದು ಬರೆದಿರುತ್ತದೆ, ನೀವು ಶಾಯಿಯ ಬಣ್ಣ ಹೇಳಬೇಕು. ಬಾಯಿಗೆ ‘ಕೆಂಪು’ ಎಂದೇ ಬರುತ್ತದೆ, ಅದನ್ನು ತಡೆದುಕೊಂಡು ‘ನೀಲಿ’ ಎನ್ನಬೇಕು.

ಶಕ್ತಿ ಕರಗುತ್ತದೆ ಎಂದು ನಂಬಿದವರು ಈ ಪರೀಕ್ಷೆಯಲ್ಲಿ ಹೆಚ್ಚು ತಪ್ಪು ಮಾಡಿದರು. ಕರಗುವುದಿಲ್ಲ ಎಂದು ನಂಬಿದವರು ಅಷ್ಟೇ ಕೆಲಸ ಮಾಡಿಯೂ ಹಾಗೆ ಎಡವಲಿಲ್ಲ. ಹುಟ್ಟಾ ಗಟ್ಟಿಗರಾದವರೇ ಹಾಗೆ ನಂಬುತ್ತಾರೇನೋ ಎಂಬ ಅನುಮಾನ ಬರುವುದು ಸಹಜ. ಅದಕ್ಕಾಗಿ ಸಂಶೋಧಕರು ಪ್ರಶ್ನಾವಳಿಯ ವಾಕ್ಯಗಳನ್ನೇ ಒಂದು ಕಡೆಗೆ ವಾಲಿಸಿ, ಕೆಲವರಲ್ಲಿ ಒಂದು ನಂಬಿಕೆಯನ್ನೂ ಉಳಿದವರಲ್ಲಿ ಇನ್ನೊಂದನ್ನೂ ಆ ಹೊತ್ತಿಗೆ ಮೂಡಿಸಿ ನೋಡಿದರು. ಫಲಿತಾಂಶ ಹಾಗೆಯೇ ಬಂತು. ವಿದ್ಯಾರ್ಥಿಗಳನ್ನು ಪರೀಕ್ಷೆಯ ದಿನಗಳವರೆಗೆ ಗಮನಿಸಿದಾಗಲೂ ಅಷ್ಟೇ. ಶಕ್ತಿ ಬೇಗ ಮುಗಿಯುತ್ತದೆ ಎಂದುಕೊಂಡವರು ಓದನ್ನು ಹೆಚ್ಚು ಮುಂದೂಡಿದರು, ಕುರುಕಲು ತಿಂಡಿಯನ್ನೂ ಹೆಚ್ಚು ತಿಂದರು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ದಾಸ್ತಾನಿನ ಸಿದ್ಧಾಂತವನ್ನು 2016ರಲ್ಲಿ 23 ಪ್ರಯೋಗಾಲಯಗಳು ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಒಟ್ಟಾಗಿ ಪರೀಕ್ಷಿಸಿದವು. ಸಿಕ್ಕ ಪರಿಣಾಮ ಹೆಚ್ಚುಕಡಿಮೆ ಸೊನ್ನೆ. ವಿದ್ವಾಂಸರ ನಡುವಿನ ವಾದ ಅಲ್ಲಿಗೆ ಮುಗಿಯಲಿಲ್ಲ, ಆದರೆ ಅಷ್ಟು ಗಟ್ಟಿಯಾಗಿ ನಂಬಿಕೊಂಡು ಬಂದದ್ದರ ಬುಡ ಅಲುಗಾಡಿದ್ದಂತೂ ನಿಜ.

ನನಗೆ ತೀರ ಹತ್ತಿರವೆನಿಸಿದ್ದು ನಮ್ಮ ದೇಶದವರ ಬಗ್ಗೆಯೇ ನಡೆದ ಅಧ್ಯಯನ. 2017ರಲ್ಲಿ ಕೃಷ್ಣ ಸವಾನಿ ಮತ್ತು ವೆರೋನಿಕಾ ಯೋಬ್ ಅದನ್ನು ಪ್ರಕಟಿಸಿದರು. ಮನಸ್ಸನ್ನು ಬಿಗಿಹಿಡಿದು ಕೆಲಸ ಮಾಡಿದರೆ ದಣಿವಾಗುತ್ತದೆ ಎಂಬ ಕಡೆಗೆ ಅಮೆರಿಕದವರು ಒಲಿದರೆ, ಅದರಿಂದ ಹುರುಪು ಬರುತ್ತದೆ ಎಂಬ ಕಡೆಗೆ ಭಾರತೀಯರು ಒಲಿದರು. ಬರೀ ಮಾತಿನಲ್ಲಲ್ಲ. ಕಷ್ಟದ ಕೆಲಸ ಮೊದಲು ಮಾಡಿದ ಭಾರತೀಯರು, ಸುಲಭದ ಕೆಲಸ ಮಾಡಿದವರಿಗಿಂತ ಮುಂದಿನ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದರು. ಪಾಶ್ಚಾತ್ಯರಲ್ಲಿ ಕಂಡದ್ದಕ್ಕೆ ಪೂರ್ತಿ ತಿರುಗುಮುರುಗು!

ನಮ್ಮ ಮನೆಗಳ ರೂಢಿ ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಏಕಾದಶಿಯ ಉಪವಾಸ ಮಾಡುವ ಅಜ್ಜಿ ‘ಇವತ್ತು ಹಗುರಾಗಿದೆ’ ಎನ್ನುತ್ತಾರೆಯೇ ಹೊರತು, ಹಸಿವು ತಡೆದು ತಡೆದು ಮನಸ್ಸು ಸೋತಿತು ಎನ್ನುವುದಿಲ್ಲ. ಇನ್ನು ಅವಧಾನ, ಅಂದರೆ ಹಲವರ ಸವಾಲುಗಳಿಗೆ ಒಟ್ಟೊಟ್ಟಿಗೆ ಪದ್ಯ ಕಟ್ಟಿ ಉತ್ತರಿಸುವ ಕಲೆ. ಅಷ್ಟಾವಧಾನದಲ್ಲಿ ಎಂಟು ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಸುತ್ತ ಕೂತು ಅವಧಾನಿಯನ್ನು ಎಂಟು ಕಡೆಗೆ ಎಳೆಯುತ್ತಾರೆ. ನಿಷೇಧಾಕ್ಷರಿಯವರು ಮುಂದಿನ ಅಕ್ಷರವನ್ನೇ ಬೇಡವೆನ್ನುತ್ತಾರೆ. ಸಮಸ್ಯೆಯವರು ವಿಚಿತ್ರವಾದೊಂದು ಸಾಲು ಕೊಟ್ಟು ಪದ್ಯ ಪೂರ್ತಿ ಮಾಡಿ ಎನ್ನುತ್ತಾರೆ. ಅಪ್ರಸ್ತುತ ಪ್ರಸಂಗದವರು ನಡುನಡುವೆ ಬಾಯಿ ಹಾಕುತ್ತಲೇ ಇರುತ್ತಾರೆ. ಎಲ್ಲ ಸುತ್ತುಗಳೂ ಮುಗಿದ ಮೇಲೆ, ಅಂದರೆ ಯಾರೇ ಆದರೂ ದಣಿದಿರಬೇಕಾದ ಹೊತ್ತಿನಲ್ಲಿ, ತಾನು ಕಟ್ಟಿದ ಪದ್ಯಗಳನ್ನೆಲ್ಲ ನೆನಪಿನಿಂದ ಹೇಳುವ ಧಾರಣೆ ಬರುತ್ತದೆ. ಶತಾವಧಾನಿ ಆರ್. ಗಣೇಶರು ಇಂಥ ಸಾವಿರಕ್ಕೂ ಹೆಚ್ಚು ಅವಧಾನಗಳನ್ನು ಮಾಡಿದ್ದಾರೆ. ಅದರ ಹಿಂದೆ ಪ್ರತಿಭೆ ಇದೆ, ಅಭ್ಯಾಸ ಇದೆ. ಜೊತೆಗೆ, ಗಮನವನ್ನು ಬಳಸಿದರೆ ಅದು ಹರಿತವಾಗುತ್ತದೆ ಎಂಬ ಪರಂಪರೆಯ ಭರವಸೆಯೂ ಇದೆ ಎಂದು ನಾನು ತಿಳಿದಿದ್ದೇನೆ. ಅಂಥ ಭರವಸೆಯಲ್ಲಿ ಬೆಳೆದ ನಾವು ಈಗ ಬ್ಯಾಟರಿಯ ಮಾತನ್ನು ಕಲಿಯುತ್ತಿರುವುದು ನನಗೆ ನಷ್ಟವಾಗಿ ಕಾಣುತ್ತದೆ.

ಆದರೆ ಈ ವಿಷಯವನ್ನು ತಪ್ಪಾಗಿ ಬಳಸುವುದು ಬಹಳ ಸುಲಭ. ‘ದಣಿವೆಲ್ಲ ನಿನ್ನ ತಲೆಯಲ್ಲಿದೆ’ ಎಂದು ಹನ್ನೆರಡು ತಾಸು ದುಡಿಸುವ ಮೇಲಧಿಕಾರಿಗೆ ಇದು ಆಯುಧವಾಗಬಾರದು. ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮುಗಿಸಿ, ಗಾರ್ಮೆಂಟ್ಸಿನಲ್ಲಿ ದಿನವಿಡೀ ಮಷೀನು ತುಳಿದು, ರಾತ್ರಿ ಮತ್ತೆ ಒಲೆಯ ಮುಂದೆ ನಿಲ್ಲುವ ಹೆಣ್ಣುಮಗಳ ಸುಸ್ತು ನಂಬಿಕೆಯ ಸುಸ್ತಲ್ಲ, ಮೈಯ ಸುಸ್ತು. ಅವಳಿಗೆ ಬೇಕಾದದ್ದು ಉಪದೇಶವಲ್ಲ, ಮನೆಯವರ ಕೈ. 2012ರಲ್ಲಿ ಕ್ಯಾಥ್ಲೀನ್ ವೋಸ್, ಬಾಮೈಸ್ಟರ್ ಮತ್ತು ಇನ್ನೊಬ್ಬ ಸಂಶೋಧಕರು ನಂಬಿಕೆಯ ಮಿತಿಯನ್ನೂ ತೋರಿಸಿದ್ದಾರೆ. ದಣಿವು ಸ್ವಲ್ಪವೇ ಇದ್ದಾಗ, ಶಕ್ತಿಗೆ ಮಿತಿಯಿಲ್ಲ ಎಂಬ ನಂಬಿಕೆ ಕೈಹಿಡಿಯಿತು. ಕೆಲಸದ ಮೇಲೆ ಕೆಲಸ ಹೇರಿ ಜನರನ್ನು ಪೂರ್ತಿ ದಣಿಸಿದಾಗ ಆ ನಂಬಿಕೆಯಿಂದ ಉಪಯೋಗವಾಗಲಿಲ್ಲ.

ಸುತ್ತಲಿನವರ ಪಾಲೂ ಇಲ್ಲಿ ದೊಡ್ಡದು. ಬುದ್ಧಿಶಕ್ತಿ ಬೆಳೆಯುತ್ತದೆ ಎಂದು ಕಲಿಸುವ, ಒಂದು ಗಂಟೆಯೂ ಹಿಡಿಯದ ಪಾಠವನ್ನು ಅಮೆರಿಕದ ಒಂಬತ್ತನೇ ತರಗತಿಯ ಸುಮಾರು 12 ಸಾವಿರ ಮಕ್ಕಳೊಂದಿಗೆ ಪ್ರಯೋಗಿಸಿದ ಅಧ್ಯಯನ 2019ರಲ್ಲಿ ಬಂತು. ಹಿಂದುಳಿದಿದ್ದ ಮಕ್ಕಳ ಫಲಿತಾಂಶ ನಾಲ್ಕು ಅಂಕದ ಮಾಪನದಲ್ಲಿ 0.1ರಷ್ಟು ಏರಿತು. ಸಣ್ಣ ಏರಿಕೆಯೇ, ಆದರೆ ಪಾಠವೂ ಅಷ್ಟೇ ಸಣ್ಣದಲ್ಲವೇ? ಸಹಪಾಠಿಗಳು ಸವಾಲಿನ ಲೆಕ್ಕಕ್ಕೆ ಕೈಹಾಕುವಂಥ ಶಾಲೆಗಳಲ್ಲಿ ಲಾಭ ಹೆಚ್ಚಾಗಿತ್ತು.

ಹಾಗಾಗಿ ಎಸ್ಸೆಸ್ಸೆಲ್ಸಿ, ಪಿಯುಸಿ ಓದುವ ಮಕ್ಕಳಿರುವ ಮನೆಯವರಲ್ಲಿ ನನ್ನದೊಂದು ಕೋರಿಕೆ. ಮಗಳು ಕಷ್ಟದ ಲೆಕ್ಕವೊಂದನ್ನು ಬಿಡಿಸಿ ಎದ್ದಾಗ ‘ಪಾಪ, ಸಾಕಾಯ್ತೇನೋ, ಸ್ವಲ್ಪ ಹೊತ್ತು ಮೊಬೈಲು ನೋಡಮ್ಮ’ ಎನ್ನುವ ಬದಲು ‘ಈಗ ಕೈ ಕುದುರಿದೆ, ಇನ್ನೊಂದು ನೋಡ್ತೀಯಾ?’ ಎಂದು ಕೇಳಿ ನೋಡಿ. ಅವಳು ‘ಹೂಂ’ ಎಂದರೆ ಪಕ್ಕದಲ್ಲಿ ನೀವೂ ಕೂತುಕೊಳ್ಳಿ. ಕಣ್ಣು ಎಳೆಯುತ್ತಿದ್ದರೆ ಪುಸ್ತಕ ಮುಚ್ಚಿಸಿ ಮಲಗಲು ಕಳಿಸಿ. ನಿದ್ದೆಯ ಜಾಗದಲ್ಲಿ ಯಾವ ನಂಬಿಕೆಯೂ ನಿಲ್ಲುವುದಿಲ್ಲ.

ನಮಸ್ಕಾರ.