ಬೂದು ಬಣ್ಣದ ಅಕ್ಷರ

ಎಲ್ಲರಿಗೂ ನಮಸ್ಕಾರ.

ವಿಜ್ಞಾನ ಕಥೆಗಳಲ್ಲಿ ಜಾತಿ ಎಂದು ವಿಷಯ ಕೊಟ್ಟಿದ್ದೀರಿ. ಅಷ್ಟು ದೊಡ್ಡದನ್ನು ಕೊಟ್ಟ ಹೊತ್ತಿನಲ್ಲಿ ಹಿಡಿಯುವುದು ನನ್ನಿಂದಾಗದು. ಒಂದೇ ಒಂದು ಕಾಮಿಕ್ಸ್, ಅದರಲ್ಲೂ ಮೂರ್ನಾಲ್ಕು ಪಾತ್ರ, ಇಷ್ಟನ್ನೇ ಇಟ್ಟುಕೊಂಡು ಬಂದಿದ್ದೇನೆ. ಹೊಟ್ಟೆ ತುಂಬದಿದ್ದರೆ ಬೈಯಬೇಡಿ.

ಕಾಮಿಕ್ಸ್ ಹೆಸರು ಹೋಮ್‌ಸ್ಟಕ್. ಅಮೆರಿಕದ ಆಂಡ್ರ್ಯೂ ಹಸ್ಸಿ ಇದನ್ನು 2009ರ ಏಪ್ರಿಲ್ 13ರಂದು ಇಂಟರ್‌ನೆಟ್‌ನಲ್ಲಿ ಶುರು ಮಾಡಿ, ಸರಿಯಾಗಿ ಏಳು ವರ್ಷಕ್ಕೆ, 2016ರ ಏಪ್ರಿಲ್ 13ರಂದು ಮುಗಿಸಿದರು. ಎಂಟು ಸಾವಿರಕ್ಕೂ ಹೆಚ್ಚು ಪುಟ. ಚಿತ್ರ ಕಡಿಮೆ, ಮಾತು ಹೆಚ್ಚು. ಆ ಮಾತಿನಲ್ಲೂ ಮುಕ್ಕಾಲು ಪಾಲು ಚಾಟ್. ಹದಿಮೂರು ವರ್ಷದ ನಾಲ್ವರು ಮಕ್ಕಳು ಒಂದು ಕಂಪ್ಯೂಟರ್ ಗೇಮ್ ಆಡಲು ಹೋಗಿ ಭೂಮಿಯನ್ನೇ ಕಳೆದುಕೊಳ್ಳುವುದು ಕಥೆಯ ಮೊದಲ ಎಳೆ. ಅವರನ್ನು ಚಾಟ್‌ನಲ್ಲಿ ಬಂದು ಬಂದು ಕಾಡುವ ಅಪರಿಚಿತರು ಹನ್ನೆರಡು ಮಂದಿ. ಯಾರೋ ಕೆಲಸವಿಲ್ಲದ ಟ್ರೋಲ್‌ಗಳು ಅಂದುಕೊಂಡರೆ, ನಿಜವಾಗಿಯೂ ಟ್ರೋಲ್‌ಗಳೇ, ಯುರೋಪಿನ ಜನಪದ ಕಥೆಗಳ ರಾಕ್ಷಸರ ಹೆಸರಿನವರು! ಬೂದು ಚರ್ಮ, ಕಿತ್ತಳೆ ಕೊಂಬು, ಆಲ್ಟರ್ನಿಯಾ ಎಂಬ ಬೇರೆ ಲೋಕದವರು. ಅವರ ಪೂರ್ತಿ ಕಥೆ ತೆರೆದುಕೊಳ್ಳುವುದು 2010ರಲ್ಲಿ.

ಆಲ್ಟರ್ನಿಯಾದಲ್ಲಿ ಯಾರು ಎಲ್ಲಿ ನಿಲ್ಲಬೇಕು ಅನ್ನುವುದನ್ನು ರಕ್ತದ ಬಣ್ಣ ತೀರ್ಮಾನಿಸುತ್ತದೆ. ಕೆಳಗೆ ತುಕ್ಕು ಬಣ್ಣದ ರಕ್ತದವರು, ಅವರ ಮೇಲೆ ಕಂದು, ಹಳದಿ, ಹಸಿರು, ನೀಲಿ, ನೇರಳೆ, ತುತ್ತತುದಿಯಲ್ಲಿ ಗಾಢ ಗುಲಾಬಿ ರಕ್ತದ ಮಹಾರಾಣಿ. ಈ ಏಣಿಗೆ ಹೆಸರಿಡಲು ಇಂಗ್ಲಿಷಿನಲ್ಲಿ ಹೀಮೋಸ್ಪೆಕ್ಟ್ರಮ್ ಎಂದು ಹೊಸ ಪದವನ್ನೇ ಕಟ್ಟಬೇಕಾಯಿತು. ನಮಗೆ ಆ ಕಷ್ಟವಿಲ್ಲ. ವರ್ಣ ಅಂದರೆ ಮುಗಿಯಿತು, ಬಣ್ಣವೂ ಬಂತು, ಏಣಿಯೂ ಬಂತು. ಆಯಸ್ಸಿನಲ್ಲೂ ಇದೇ ಏಣಿ. ತಳದವರಿಗೆ ಕೆಲವೇ ದಶಕ, ಮಹಾರಾಣಿಗೆ ಸಾವಿರಾರು ವರ್ಷ. ಹಾಗಾಗಿ ಅಲ್ಲಿ ನಡೆದ ಅನ್ಯಾಯವನ್ನು ಕಣ್ಣಾರೆ ಕಂಡು ಇನ್ನೂ ಬದುಕಿರುವವರು ಯಾರು ಅಂದರೆ, ಅದನ್ನು ಮಾಡಿದವರೇ.

ಹನ್ನೆರಡು ಮಂದಿಗೂ ಒಂದೊಂದು ರಾಶಿ ಉಂಟು. ಕೆಲವರ ಹೆಸರು ಕೇಳಿದರೆ ನಮ್ಮ ಪಂಚಾಂಗ ತೆರೆದಂತಾಗುತ್ತದೆ: ಕನ್ಯಾ ರಾಶಿಯವಳು ಕನಾಯಾ, ಮಕರ ರಾಶಿಯವನು ಗ್ಯಾಮ್ಜೀ ಮಕಾರ, ಕರ್ಕಾಟಕದವನು ಕರ್ಕಟ್. ಕರ್ಕಟ್‌ನನ್ನು ಸಾಕಿ ಬೆಳೆಸಿದ್ದೂ ಒಂದು ಏಡಿಯಂಥ ಪ್ರಾಣಿಯೇ.

ನಾನು ಹೇಳಬೇಕೆಂದಿರುವುದು ಇವರು ಟೈಪ್ ಮಾಡುವ ಬಗೆಯ ಬಗ್ಗೆ. ಪ್ರತಿಯೊಬ್ಬರ ಚಾಟ್ ಅವರವರ ರಕ್ತದ ಬಣ್ಣದಲ್ಲಿ ಕಾಣಿಸುತ್ತದೆ. ಅದು ಸಾಲದೆಂಬಂತೆ ಒಬ್ಬೊಬ್ಬರಿಗೂ ಒಂದೊಂದು ಅಕ್ಷರದ ಚಾಳಿ. ನೀಲಿ ರಕ್ತದ ವ್ರಿಸ್ಕಾ ಬಿ ಅಕ್ಷರದ ಜಾಗದಲ್ಲಿ 8 ಹಾಕುತ್ತಾಳೆ. ಕಣ್ಣಿಲ್ಲದ ಟೆರೆಜಿ ಎ, ಐ, ಇ ಬದಲು 4, 1, 3 ಬರೆಯುತ್ತಾಳೆ. ಎರಿಡನ್ ಡಬ್ಲ್ಯೂ, ವಿ ಎರಡನ್ನೂ ಜೋಡಿ ಜೋಡಿಯಾಗಿ ಒತ್ತುತ್ತಾನೆ. ಹೆಸರು ಮುಚ್ಚಿಟ್ಟರೂ ಎರಡು ಸಾಲು ಓದಿದರೆ ಯಾರೆಂದು ಗೊತ್ತು.

ಮೊದಲ ಸಲ ಓದಿದಾಗ ಇದು ಬರೀ ತಮಾಷೆ ಅನ್ನಿಸಿತ್ತು. ಆಮೇಲೆ ನನ್ನ ಹೈಸ್ಕೂಲು ನೆನಪಾಯಿತು. ನಮ್ಮ ಮನೆಯಲ್ಲಿ ಹಳ್ಳಕ್ಕೆ ಅಳ್ಳ, ಹಾಲಿಗೆ ಆಲು. ಕ್ಲಾಸಿನಲ್ಲಿ ಎದ್ದು ನಿಂತು ಪಾಠ ಓದಿದ ದಿನ ಹಿಂದಿನ ಬೆಂಚಿನಿಂದ ಕಿಸಕ್ಕೆಂದ ನಗು ಬಂತು, ಮೇಷ್ಟರೂ ತಡೆಯಲಿಲ್ಲ. ಒಂದು ಅಕ್ಷರಕ್ಕೆ ನನ್ನ ಊರು, ನಮ್ಮ ಬೀದಿ, ನಾವು ಯಾವ ಪೈಕಿ, ಎಲ್ಲವೂ ಬಯಲು. ಅಂದಿನಿಂದ ಹ ಅಕ್ಷರವನ್ನು ಎಷ್ಟು ಹುಷಾರಾಗಿ ಹಿಡಿದೆ ಅಂದರೆ, ಅದಿಲ್ಲದ ಕಡೆಗೂ ತಂದು ತುರುಕಿ, ಚರ್ಚಾ ಸ್ಪರ್ಧೆಯಲ್ಲಿ "ಹಾದರೆ ಮಾನ್ಯ ತೀರ್ಪುಗಾರರೇ" ಅಂದುಬಿಟ್ಟೆ. ನಗು ಇನ್ನೂ ಜೋರಾಯಿತು.

ಈಗ ಕರ್ಕಟ್‌ಗೆ ಬರೋಣ. ಅವನ ಅಕ್ಷರ ಬೂದು. ಹನ್ನೆರಡರಲ್ಲಿ ಅವನೊಬ್ಬನೇ ತನ್ನ ರಕ್ತದ ಬಣ್ಣದಲ್ಲಿ ಬರೆಯದವನು. ಅಂಗಿಯ ಮೇಲಿನ ಗುರುತು ಕೂಡ ಬೂದೇ. ಯಾಕೆಂದರೆ ಅವನ ರಕ್ತ ಏಣಿಯಲ್ಲೇ ಇಲ್ಲದ ಹೊಳೆಯುವ ಕೆಂಪು. ಕೆಳಗಿನ ಮೆಟ್ಟಿಲೂ ಅವನದಲ್ಲ, ಅವನು ಲೆಕ್ಕದಿಂದಲೇ ಹೊರಗೆ, ಗೊತ್ತಾದರೆ ಕೊಂದುಹಾಕುತ್ತಾರೆ. ಅಂಥ ಹುಡುಗ ಸದ್ದಿಲ್ಲದೆ ಮೂಲೆಯಲ್ಲಿ ಕೂತಿರಬೇಕಿತ್ತು, ಅಲ್ಲವೇ? ಇವನು ಪ್ರತಿ ಅಕ್ಷರವನ್ನೂ ಕ್ಯಾಪಿಟಲ್‌ನಲ್ಲಿ ಒತ್ತಿ ಕಿರುಚುತ್ತಾನೆ, ಎಲ್ಲರನ್ನೂ ಬೈಯುತ್ತಾನೆ, ನಾನೇ ನಾಯಕ ಅನ್ನುತ್ತಾನೆ. ಬಣ್ಣ ಮುಚ್ಚಿಟ್ಟವನ ದನಿ ಎಲ್ಲರಿಗಿಂತ ದೊಡ್ಡದು. ಹಾಗೆ ಮುಚ್ಚಿಟ್ಟದ್ದು ಎಂಥ ಬಣ್ಣ? ಆ ನಾಲ್ವರು ಭೂಮಿಯ ಮಕ್ಕಳ ಮೈಯಲ್ಲಿ ಹರಿಯುವ ಅದೇ ಕೆಂಪು. ಅವರಿಗೆ ಅದೊಂದು ವಿಷಯವೇ ಅಲ್ಲ.

ಇನ್ನೊಬ್ಬ ಇಕ್ವಿಯಸ್. ಕಡುನೀಲಿ ರಕ್ತ. ಭಯಂಕರ ಬಲಶಾಲಿ, ಬಿಲ್ಲು ಹಿಡಿದರೆ ಬಿಲ್ಲೇ ಮುರಿಯುತ್ತದೆ, ಸದಾ ಬೆವರು, ಕೈಯಲ್ಲಿ ಟವೆಲ್. ವರ್ಣಾಶ್ರಮದ ಪಾಠ ಒಪ್ಪಿಸುವ ಹುಡುಗ ಇವನೇ. ಆದರೆ ಮನಸ್ಸು ಹೋಗಿದ್ದು ತುಕ್ಕು ರಕ್ತದ, ಸತ್ತುಹೋಗಿದ್ದ ಅರಾಡಿಯಾ ಮೇಲೆ. ಏನು ಮಾಡಿದ ಗೊತ್ತೇ? ಅವಳಿಗೊಂದು ಯಂತ್ರದ ದೇಹ ಕಟ್ಟಿ, ಅದರೊಳಗೆ ತನ್ನಂಥದೇ ನೀಲಿ ರಕ್ತ ತುಂಬಿಸಿದ. ಹುಡುಗಿ ಬೇಕು, ಅವಳ ಕುಲ ಬೇಡ. ನಕ್ಕಿರಿ, ಇರಲಿ. ಮದುವೆಯಾದ ಮೇಲೆ ಸೊಸೆಯ ಹೆಸರು ಬದಲಾಯಿಸಿ, ಅಡಿಗೆ ಬದಲಾಯಿಸಿ, ಮಾತು ತಿದ್ದಿಸಿದ ಮನೆಗಳು ಈ ಸಭೆಯಲ್ಲಿ ಎಷ್ಟೋ ಜನರಿಗೆ ಗೊತ್ತಿರಬೇಕು.

ಇಕ್ವಿಯಸ್‌ನ ಸಾವನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವನಿಗಿಂತ ಮೇಲಿನ ನೇರಳೆ ರಕ್ತದ ಗ್ಯಾಮ್ಜೀ ತನ್ನ ದರ್ಜೆಯ ಗೊಡವೆಯೇ ಇಲ್ಲದ ಸೋಮಾರಿ. ಮೇಲಿನವನಾಗಿ ಹೀಗಿರಬಹುದೇ, ನನಗೆ ಆಜ್ಞೆ ಮಾಡಬಾರದೇ ಎಂದು ಇಕ್ವಿಯಸ್ ಅವನನ್ನು ಪೀಡಿಸುತ್ತಿರುತ್ತಾನೆ. ಒಂದು ದಿನ ಗ್ಯಾಮ್ಜೀಗೆ ತಲೆ ಕೆಟ್ಟು ಕೊಲೆಗೆ ಇಳಿಯುತ್ತಾನೆ. ಇಕ್ವಿಯಸ್ ಮನಸ್ಸು ಮಾಡಿದ್ದರೆ ಒಂದು ಗುದ್ದು ಸಾಕಿತ್ತು. ಕೈ ಎತ್ತುವುದೇ ಇಲ್ಲ. ಬಿಲ್ಲಿನ ಹೆದೆ ಕುತ್ತಿಗೆಗೆ ಬಿಗಿಯುವಾಗ ಅವನ ಮುಖದಲ್ಲಿ ನಗು. ಕೊನೆಗೂ ಮೇಲಿನವನು ಮೇಲಿನವನಂತೆ ನಡೆದುಕೊಂಡನಲ್ಲ ಎಂಬ ತೃಪ್ತಿ! ಕೆಳಗಿನವರನ್ನು ತುಳಿಯುವವನು ಮೇಲಿನವನ ಕಾಲಿಗೂ ಕುತ್ತಿಗೆ ಕೊಟ್ಟಿರುತ್ತಾನೆ ಅನ್ನುವುದನ್ನು ಇಷ್ಟು ಹತ್ತಿರದಿಂದ ತೋರಿಸಿದ ಕಥೆ ನಾನಂತೂ ಬೇರೆ ಓದಿಲ್ಲ.

ರಾಜಕುಮಾರಿ ಫೆಫೆರಿ ಒಳ್ಳೆಯ ಹುಡುಗಿ. ತಾನು ರಾಣಿಯಾದರೆ ದುರ್ಬಲರನ್ನು ಕೊಲ್ಲುವುದನ್ನು ನಿಲ್ಲಿಸಿ ಸಾಕುವುದಾಗಿ ಹೇಳುತ್ತಾಳೆ. ಹಸ್ಸಿ ಇಲ್ಲಿಗೇ ಬಿಡುವುದಿಲ್ಲ. ಬೆಫೋರಸ್ ಎಂಬ ಇನ್ನೊಂದು ಲೋಕದಲ್ಲಿ ಅದೇ ಆಡಳಿತ ನಡೆಸಿ ತೋರಿಸುತ್ತಾರೆ. ಅಲ್ಲಿ ಯಾರನ್ನೂ ಕೊಲ್ಲುವುದಿಲ್ಲ, ಕೆಳಗಿನವರನ್ನು ಮೇಲಿನವರು ಮುದ್ದಿನಿಂದ ನೋಡಿಕೊಳ್ಳುತ್ತಾರೆ. ಏಣಿ ಮಾತ್ರ ಇದ್ದಲ್ಲೇ ಇದೆ. ಅಲ್ಲಿ ಕೆಂಪು ರಕ್ತದ ಕಂಕ್ರಿ ಗಂಟೆಗಟ್ಟಲೆ ಉಪನ್ಯಾಸ ಕೊಡುವ ಹುಡುಗ. ಕೇಳುವವರು ಯಾರೂ ಇಲ್ಲ. ಅವನನ್ನು ನೆನೆದೇ ನಾನೂ ಬೇಗ ಮುಗಿಸುತ್ತೇನೆ.

ಒಂದು ತಕರಾರು ಮಾತ್ರ ಹೇಳಲೇಬೇಕು. ಟ್ರೋಲ್‌ಗಳಿಗೆ ಅಪ್ಪ ಅಮ್ಮ ಇಲ್ಲ. ಗುಹೆಯಲ್ಲಿ ತಾಯಿಹುಳು ಇಟ್ಟ ಮೊಟ್ಟೆಯಿಂದ ಹುಟ್ಟಿ, ಪ್ರಾಣಿಗಳ ಕೈಯಲ್ಲಿ ಬೆಳೆಯುತ್ತಾರೆ. ಮನೆತನವಿಲ್ಲ, ಆಸ್ತಿ ಹಂಚಿಕೆಯಿಲ್ಲ, ಸಂಬಂಧ ಕುದುರಿಸುವವರಿಲ್ಲ. 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಅಂಬೇಡ್ಕರ್ ಒಳಗೊಳಗೇ ಮದುವೆಯಾಗುವುದೇ ಜಾತಿಯ ತಿರುಳು ಎಂದು ತೋರಿಸಿದ್ದರು. ಆ ತಿರುಳು ಆಲ್ಟರ್ನಿಯಾದಲ್ಲಿಲ್ಲ. ಅಲ್ಲಿರುವುದು ಮೇಲುಕೀಳು, ಮಿಲಿಟರಿ ದರ್ಜೆಯಂಥದ್ದು. ನಮ್ಮ ಜಾತಿ ಅಡಿಗೆಮನೆಯಲ್ಲಿದೆ, ಮದುವೆ ಛತ್ರದಲ್ಲಿದೆ. ಹಸ್ಸಿಗೆ ಆ ವಾಸನೆ ಸಿಕ್ಕಿಲ್ಲ.

ಸಿಕ್ಕಿರುವುದು ಇನ್ನೊಂದು. ಕರ್ಕಟ್‌ಗಿಂತ ಬಹಳ ಹಿಂದೆ, ಅವನಂಥದೇ ಕೆಂಪು ರಕ್ತದ ಒಬ್ಬನಿದ್ದ. ಗುರುತಿಲ್ಲದವನು ಎಂದೇ ಅವನ ಹೆಸರು. ಎಲ್ಲರೂ ಸಮ ಎಂದು ಸಾರಿದ. ಹಿಡಿದು, ಕಾದ ಬೇಡಿ ತೊಡಿಸಿ ಕೊಂದರು. ಅವನ ಮಾತುಗಳನ್ನು ಶಿಷ್ಯೆಯೊಬ್ಬಳು ಬರೆದಿಟ್ಟಳು. ಇಂಥ ಕಥೆಗಳಲ್ಲಿ ಸಾಯುವವನು ಕೊಂದವರನ್ನು ಕ್ಷಮಿಸುವುದು ವಾಡಿಕೆ. ಇವನು ಕ್ಷಮಿಸಲಿಲ್ಲ. ಲೋಕ ನಡುಗುವಂತೆ ಒಂದು ಬೈಗುಳ ಕೂಗಿ ಸತ್ತ. ಆ ಬೇಡಿಯ ಆಕಾರವೇ ಕರ್ಕಟ್ ಅಂಗಿಯ ಮೇಲಿರುವ ಬೂದು ಗುರುತು. ಕಥೆಯ ಶುರುವಿನಲ್ಲಿ ಹುಡುಗನಿಗೆ ಅದು ಗೊತ್ತಿಲ್ಲ. ತೊಟ್ಟುಕೊಂಡು ಓಡಾಡುತ್ತಿರುತ್ತಾನೆ, ಕಿರುಚುತ್ತಿರುತ್ತಾನೆ.

ಒಂದು ಪುಟವನ್ನಾದರೂ ಕನ್ನಡಕ್ಕೆ ತರೋಣವೆಂದು ಕೂತೆ. ಬಣ್ಣ ತರಬಹುದು, 8 ಕೂಡ ಹೇಗೋ ತರಬಹುದು. ಕರ್ಕಟ್ ಬಳಿ ಬಂದು ಸಿಕ್ಕಿಬಿದ್ದೆ. ನಮ್ಮಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬುದೇ ಇಲ್ಲವಲ್ಲ. ಅವನ ಕೂಗನ್ನು ಯಾವ ಅಕ್ಷರದಲ್ಲಿ ಬರೆಯಲಿ? ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ಹೇಳಿ, ಪ್ರಶ್ನೋತ್ತರ ಅಲ್ಲಿಂದಲೇ ಶುರು ಮಾಡೋಣ.