ಪ್ರತಿ ಮಾತ್ರೆಯೂ ಸಮವಲ್ಲ

ಗಂಗೂಬಾಯಿ ಹಾನಗಲ್ಲ, ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಹುಬ್ಬಳ್ಳಿ-ಧಾರವಾಡವೆಂಬ ಈ ಅವಳಿ ನಗರದಲ್ಲಿ ತಾಳದ ಮಾತಿಗೆ ಪೀಠಿಕೆ ಬೇಕಿಲ್ಲ. ಬೆರಳ ಗೆಣ್ಣಿನ ಮೇಲೆ ಮಾತ್ರೆ, ಅಂದರೆ ತಾಳದ ಎಣಿಕೆ, ಎಣಿಸುತ್ತ ಬೆಳೆದವರು ಈ ಸಭೆಯಲ್ಲೇ ಇದ್ದೀರಿ. ಆದ್ದರಿಂದ ಪಾಪ್ ಹಾಡಿನ ವಿಡಿಯೊ ಕುರಿತ ಮಾತನ್ನು ತೀನ್‌ತಾಳದಿಂದಲೇ ತೊಡಗುತ್ತೇನೆ. 16 ಮಾತ್ರೆ, ಒಂದನೆಯದು ಸಮ, ಅಂದರೆ ಆವರ್ತ ಶುರುವಾಗುವ ಮುಖ್ಯ ಪೆಟ್ಟು; ಒಂಬತ್ತನೆಯದು ಖಾಲಿ, ಅಂದರೆ ಚಪ್ಪಾಳೆಯ ಬದಲು ಅಂಗೈ ಬಿಚ್ಚಿ ತೋರಿಸುವ ಮಾತ್ರೆ. ಖಾಲಿಯ ವಿಭಾಗದಲ್ಲಿ ತಬಲಾ ಜೋಡಿಯ ದೊಡ್ಡ ವಾದ್ಯವಾದ ಡಗ್ಗಾದ ಗುಂಕಾರ ಇಳಿಯುತ್ತದೆ. ಆ ಇಳಿತದಿಂದಲೇ ಸಮ ಬರಲಿದೆ ಎಂದು ಕಿವಿಗೆ ತಿಳಿಯುತ್ತದೆ.

ಉಣಕಲ್ ಕೆರೆಯ ದಂಡೆಯಲ್ಲಿ ಸಂಜೆ ಬೆಳಕಿಗೆ ಚಿತ್ರಿಸಿದ ಎಷ್ಟೋ ವಿಡಿಯೊಗಳನ್ನು ಹುಡುಗ ಹುಡುಗಿಯರು ನನಗೆ ಪ್ರೀತಿಯಿಂದ ತಂದು ತೋರಿಸುತ್ತಾರೆ. ಬಹುತೇಕ ಎಲ್ಲದರಲ್ಲೂ ಬೀಟ್ ಬಿದ್ದಲ್ಲೆಲ್ಲ ಒಂದು ಕಟ್, ಅಂದರೆ ಒಂದು ಚಿತ್ರಿಕೆಯಿಂದ ಇನ್ನೊಂದಕ್ಕೆ ಜಿಗಿತ. ನಿಮಿಷಕ್ಕೆ 120 ಬೀಟ್ ಇರುವ ಹಾಡಾದರೆ ಒಂದು ಬೀಟ್ ಅರ್ಧ ಸೆಕೆಂಡು, ಅಂದರೆ ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ 12 ಫ್ರೇಮು. ಮೂರೂವರೆ ನಿಮಿಷಕ್ಕೆ 420 ಕಟ್! ಎಲ್ಲ ಮಾತ್ರೆಯಲ್ಲೂ ಸಮದ ಪೆಟ್ಟು ಹೊಡೆಯುವ ತಬಲಾವಾದಕನನ್ನು ನಾವು ಎಷ್ಟು ಹೊತ್ತು ಕೇಳಿಯೇವು? ಚರಣದಲ್ಲಿ ಶಾಟ್, ಅಂದರೆ ಕಟ್ ಇಲ್ಲದ ಒಂದೇ ಚಿತ್ರಿಕೆ, ನಿಲ್ಲಲಿ, ಪಲ್ಲವಿ ಮರಳುವಾಗ ಕಟ್‌ಗಳು ದಟ್ಟವಾಗಲಿ. ಒಂದೇ ಹೆಜ್ಜೆಯನ್ನು ಮೂರು ಕೋನಗಳಿಂದ ಮೂರು ಸಲ ತೋರಿಸಿ ಹಾಡಿನ ಪೆಟ್ಟಿಗೆ ತಂದು ನಿಲ್ಲಿಸುತ್ತಾರಲ್ಲ, ಅದನ್ನು ಕಂಡಾಗ ನನಗೆ ತಿಹಾಯಿ, ಅಂದರೆ ಒಂದೇ ನುಡಿಯನ್ನು ಮೂರು ಸಲ ನುಡಿಸಿ ಸಮಕ್ಕೆ ಬರುವುದನ್ನು, ಕೇಳಿದ ಸುಖವಾಗುತ್ತದೆ.

1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಹಾಡಿನ ವಿಡಿಯೊಗಳ ಟಿವಿ ವಾಹಿನಿ ಎಂಟಿವಿ ಶುರುವಾದ ಬಳಿಕ ಈ ರೂಢಿಗಳು ಮನೆಮನೆಗೆ ಹರಡಿದವು. ಅವುಗಳ ಬೇರು ಒಂದೇ: ಹಾಡು ತುಂಡಾಗುವುದಿಲ್ಲ, ಆದ್ದರಿಂದ ಚಿತ್ರ ತುಂಡಾಗಬಹುದು. ಗಾಯಕಿ ಒಂದು ಸಾಲನ್ನು ಮಾಳಿಗೆಯ ಮೇಲೆ ಆರಂಭಿಸಿ, ಬೇರೆ ಉಡುಪಿನಲ್ಲಿ, ಬೇರೆ ಊರಿನ ಬೀದಿಯಲ್ಲಿ ಮುಗಿಸುತ್ತಾಳೆ. ತುಟಿ ಸಾಲಿಗೆ ಹೊಂದಿದ್ದರೆ ಸಾಕು, ನಾವು ಒಪ್ಪಿಕೊಳ್ಳುತ್ತೇವೆ. ಕಥಾಚಿತ್ರದ ನಟ ಸಾಮಾನ್ಯವಾಗಿ ಕ್ಯಾಮೆರಾವನ್ನು ನೋಡುವುದಿಲ್ಲ. ಇವಳು ನೇರವಾಗಿ ನಮ್ಮ ಕಣ್ಣಲ್ಲಿ ಕಣ್ಣಿಟ್ಟೇ ಹಾಡುತ್ತಾಳೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಿಧಾನಗತಿಯ ಕೌಶಲ. ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಿ, ಗಾಯಕಿಯಿಂದ ಅದೇ ವೇಗದಲ್ಲಿ ತುಟಿ ಆಡಿಸಿ, ಸೆಕೆಂಡಿಗೆ 48 ಫ್ರೇಮಿನಂತೆ ಚಿತ್ರಿಸುತ್ತಾರೆ. ತೆರೆಯ ಮೇಲೆ 24ರಂತೆ ಬಿಟ್ಟಾಗ ತುಟಿ ಮೂಲ ಹಾಡಿಗೆ ಸರಿಯಾಗಿ ಕೂಡುತ್ತದೆ. ಸೆರಗು, ಕೂದಲು, ಮಳೆಹನಿ ಮಾತ್ರ ತೇಲುತ್ತವೆ. ದುಗುನ್‌ನಲ್ಲಿ, ಅಂದರೆ ಎರಡು ಪಟ್ಟು ಲಯದಲ್ಲಿ, ದುಡಿದದ್ದು ವಿಲಂಬಿತವಾಗಿ, ನಿಧಾನ ಲಯದಲ್ಲಿ, ಕಾಣುತ್ತದೆ. ಮೊಬೈಲಿನಲ್ಲೂ ಇದು ಸಾಧ್ಯ. ಆದರೆ ವೇಗದ ಹಾಡಿಗೆ ತುಟಿ ಕೂಡಿಸಲು ಗಾಯಕಿ ದಿನಗಟ್ಟಲೆ ಅಭ್ಯಾಸ ಮಾಡಬೇಕು; ಆ ಶ್ರಮವನ್ನು ದಯವಿಟ್ಟು ತಪ್ಪಿಸಬೇಡಿ.

ಇಂಥ ವಿಡಿಯೊಗಳ ಉಳಿದ ರೂಢಿಗಳಾದ ಹಿಂದಿನಿಂದ ಬೆಳಕು, ಹೊಗೆ, ನೀಲಿ ಕಿತ್ತಳೆ ಬಣ್ಣಗಳ ಜೋಡಿ ನಿಮಗೆಲ್ಲ ಗೊತ್ತೇ ಇವೆ.

ಈಗ ದೀಪ ಆರಿಸಿ ನಿಮ್ಮದೇ ವಿಡಿಯೊಗಳನ್ನು ನೋಡೋಣ. ಕಟ್ ಬಿದ್ದಾಗ ಚಪ್ಪಾಳೆ ತಟ್ಟಿ. ಶಾಟ್ ಉಸಿರು ಹಿಡಿದು ನಿಂತಿತು ಅನ್ನಿಸಿದ ಕಡೆ, ಖಾಲಿಗೆ ಮಾಡುವಂತೆ ಅಂಗೈ ಬಿಚ್ಚಿ ತೋರಿಸಿ.